ತಿಕೋಟಾದ ಸಪ್ಪೆ ನೀರು

ವಿಶಾಖಾಳ ಕೆಲಸ ಏನೆಂದು ವಿಜಯಪುರದ ಇಬ್ರಾಹಿಂಪುರದಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೀನು ಮಾರುತ್ತಾಳೆ ಎನ್ನುವವರಿದ್ದಾರೆ, ಗಾಜು ಒರೆಸುತ್ತಾಳೆ ಎನ್ನುವವರಿದ್ದಾರೆ. ದಿನಾ ಕೈಯಲ್ಲಿ ಪೈಪು, ಸಿರಿಂಜು ಹಿಡಿದು ಹೋಗುವುದನ್ನು ಕಂಡು ನರ್ಸ್ ಇರಬೇಕು ಎಂದುಕೊಂಡವರೂ ಇದ್ದಾರೆ. ನಿಜ ಹೇಳಬೇಕೆಂದರೆ ಆಕೆ ಊರಿನ ಲಾಡ್ಜು, ಅಂಗಡಿ, ದೊಡ್ಡವರ ಮನೆಗಳಲ್ಲಿ ಇಟ್ಟ ಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುತ್ತಾಳೆ. ಎಲ್ಲವೂ ಸಾದಾ ನೀರಿನವು, ಒಂದನ್ನು ಬಿಟ್ಟು. ಆ ಒಂದು ಸಮುದ್ರದ್ದು. ಸೊಲ್ಲಾಪುರ ರಸ್ತೆಯಲ್ಲಿ ಮಕ್ಕಳ ಹಲ್ಲಿನ ದವಾಖಾನೆ ನಡೆಸುವ ಡಾಕ್ಟರ್ ಪೂನಮ ಅವರ ಹೊರಕೋಣೆಯಲ್ಲಿ ಅದು ಇದೆ.

ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದುಕೊಂಡ ಎರಡು ಮೀನು, ಒಂದೆರಡು ಹವಳದ ತುಂಡು, ಮತ್ತು ಮೀನುಗಳು ನುಗ್ಗಿ ಮಲಗುವ ಹೂವಿನಂಥ ಒಂದು ಪ್ರಾಣಿ. ಅದಕ್ಕೆ ಬಾಯಿಯಿದೆ, ಹಸಿವಿದೆ. ಆದರೂ ಮಕ್ಕಳು ಹೂವು ಅಂದರು, ಡಾಕ್ಟರು ಹೂವು ಅಂದರು, ಕೊನೆಗೆ ವಿಶಾಖಾಳೂ ಹೂವು ಎಂದೇ ಕರೆಯತೊಡಗಿದಳು. ಹಲ್ಲು ಕೀಳಿಸಲು ಬಂದು ಬಾಗಿಲಲ್ಲೇ ಬೊಬ್ಬೆ ಹೊಡೆಯುವ ಮಗು ಆ ಹೂವು ಅಲ್ಲಾಡುವುದನ್ನು ಕಂಡರೆ ಬಾಯಿ ತೆರೆದು ನಿಲ್ಲುತ್ತದೆ. ತೆರೆದ ಬಾಯಿಯೇ ಡಾಕ್ಟರಿಗೆ ಬೇಕಾದದ್ದು.

ವಿಜಯಪುರದ ಜನಕ್ಕೆ ನೀರಿನ ವಿಷಯದಲ್ಲಿ ಸಲಹೆ ಕೊಡದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಟ್ಯಾಂಕಿನ ಮುಂದೆ ಕುಳಿತ ಪ್ರತಿಯೊಬ್ಬ ತಂದೆಯೂ ಒಂದೇ ಮಾತು ಹೇಳುತ್ತಿದ್ದ: "ಸಮುದ್ರದ ಮೀನಂದ್ರ ಉಪ್ಪ ನೀರ ಬೇಕಲ್ರಿ? ನಮ್ಮ ಬೋರಿನ ನೀರ ಹಾಕ್ರಿ. ಬ್ಯಾಳಿ ಬೇಯಂಗಿಲ್ಲ, ಅಷ್ಟ ಸವಳ ಅದಾವ." ವಿಶಾಖಾ ಮೊದಮೊದಲು ನಗುತ್ತಿದ್ದಳು, ಆಮೇಲೆ ಒಂದು ಉತ್ತರ ಬಾಯಿಪಾಠ ಮಾಡಿಕೊಂಡಳು. ಒಲೆಯ ಮೇಲೆ ಸಾರು ಬತ್ತಿದರೆ ಉಪ್ಪು ಏರುತ್ತದೆ. ಆಗ ಯಾರೂ ಮತ್ತೆ ಉಪ್ಪು ಹಾಕುವುದಿಲ್ಲ, ನೀರು ಹಾಕುತ್ತಾರೆ. ಟ್ಯಾಂಕಿನದೂ ಅದೇ ಹಣೆಬರಹ. ಈ ಊರಿನ ಬಿಸಿಲಿಗೆ ನೀರು ಹಾರಿಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಹಾರಿದಷ್ಟು ನೀರನ್ನು ಉಪ್ಪಿಲ್ಲದ ನೀರಿನಿಂದಲೇ ತುಂಬಬೇಕು. ಹಳೆಯ ನೀರು ತೆಗೆದು ಹೊಸದು ಹಾಕುವ ದಿನ ಮಾತ್ರ ಬೇರೆ ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕಲಸಿ ಹಾಕಬೇಕು. ಎರಡಕ್ಕೂ ಬೇಕಾದದ್ದು ಏನೂ ಕರಗಿರದ ನೀರು. ನೀರಿನ ಜೊತೆ ಬಂದದ್ದು ನೀರಿನ ಜೊತೆ ಹೋಗುವುದಿಲ್ಲ, ಟ್ಯಾಂಕಿನಲ್ಲೇ ಮನೆ ಮಾಡುತ್ತದೆ.

ಇದನ್ನೆಲ್ಲ ಆಕೆಗೆ ಕಲಿಸಿದ್ದು ಸ್ಟೇಷನ್ ರಸ್ತೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಮಹಮ್ಮದ ಚಾಚಾ. ಅಪ್ಪ ರಾಜಾರಾಮ ರೈಲ್ವೆಯಲ್ಲಿದ್ದವರು, ಮಗಳು ಬ್ಯಾಂಕ್ ಪರೀಕ್ಷೆ ಬರೆಯಲಿ ಎಂದು ಆಸೆಪಟ್ಟವರು. ಮಗಳು ಪರೀಕ್ಷೆಯ ಪುಸ್ತಕ ಕೊಳ್ಳಲು ಹೋಗಿ ಪಕ್ಕದ ಮೀನಿನಂಗಡಿಯಲ್ಲಿ ನಿಂತುಬಿಟ್ಟಳು. ರಾಜಾರಾಮ ಒಂದು ವರ್ಷ ಮುಖ ಗಂಟು ಹಾಕಿಕೊಂಡು ಆಮೇಲೆ ಬಿಟ್ಟರು.

ನೀರು ಎಲ್ಲಿಂದ ತರಬೇಕೆಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ನಳದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ಬೋರಿನ ನೀರಿನ ಮಾತೇ ಬೇಡ. ದವಾಖಾನೆಯಲ್ಲೇ ಒಂದು ಫಿಲ್ಟರ್ ಕೂರಿಸೋಣವೆಂದರೆ ಕಟ್ಟಡದ ಮಾಲೀಕರು ಗೋಡೆಗೆ ಇನ್ನೊಂದು ತೂತು ಹಾಕಲು ಬಿಡಲಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ ಎಂದು ಡಾಕ್ಟರೇ ಸೂಚಿಸಿದರು. ಅದು ತಾಮ್ರದ ಕೊಳವೆ ನೆಕ್ಕಿಕೊಂಡು ಬರುವ ನೀರು, ತಾಮ್ರವೆಂದರೆ ಹೂವಿಗೆ ವಿಷ. ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳಲ್ಲಿ ಬ್ಯಾಟರಿಗೆ ಹಾಕುವ ನೀರು ಬಾಟಲಿಯಲ್ಲಿ ಸಿಗುತ್ತಿತ್ತು, ಆದರೆ ಬಾಟಲಿಯಿಂದ ಟ್ಯಾಂಕು ತುಂಬಿಸುತ್ತ ಕೂತರೆ ಮುಗಿಯುವ ಕೆಲಸವೇ ಅದು? ಕ್ಯಾನಿನ ನೀರು ಮಾರುವವರಲ್ಲಿ ಇಂದು ಒಂದು ಥರದ ನೀರು, ನಾಳೆ ಇನ್ನೊಂದು ಥರದ್ದು. ವಿಶಾಖಾಳ ಚೀಲದಲ್ಲಿ ಪೆನ್ನಿನಂಥ ಒಂದು ಮೀಟರ್ ಇತ್ತು. ನೀರಿಗೆ ಅದ್ದಿದರೆ ಏನೆಷ್ಟು ಕರಗಿದೆ ಎಂದು ಅಂಕಿಯಲ್ಲಿ ಹೇಳುತ್ತದೆ. ಆಕೆ ಅದನ್ನು ಕಡ್ಡಿ ಎನ್ನುತ್ತಿದ್ದಳು. ಊರೆಲ್ಲ ಕಡ್ಡಿ ಅದ್ದಿ ಸೋತಳು.

ಕೊನೆಗೆ ನೀರು ಸಿಕ್ಕಿದ್ದು ತಿಕೋಟಾದಲ್ಲಿ, ಅದೂ ಆಯಿಯ ದೆಸೆಯಿಂದ. ಆಯಿ ಎಂದರೆ ಅಪ್ಪನ ತಾಯಿ ರೇಣವ್ವ. ತಿಕೋಟಾ ಆಕೆಯ ತವರು. ಯಾರದೋ ಮದುವೆಗೆ ಮೊಮ್ಮಗಳ ಸ್ಕೂಟರ್ ಹತ್ತಿ ಹೋದಾಗ ಬಾಯಾರಿಕೆ ಎಂದಳು. ರಸ್ತೆ ಬದಿಯಲ್ಲಿ ದ್ರಾಕ್ಷಿ ತೋಟದವರೊಬ್ಬರು ಹಾಕಿಸಿದ ಫಿಲ್ಟರ್ ನೀರಿನ ಘಟಕವಿತ್ತು. ವಿಶಾಖಾ ಆಯಿಗೆ ಒಂದು ಬಾಟಲಿ ಹಿಡಿದು, ಉಳಿದದ್ದಕ್ಕೆ ಸುಮ್ಮನೆ ಕಡ್ಡಿ ಅದ್ದಿದಳು. ಹತ್ತರ ಒಳಗಿನ ಅಂಕಿ, ಅಂದರೆ ಕರಗಿದ್ದು ಏನೂ ಇಲ್ಲದಂತೆಯೇ. ಆಕೆಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮರುವಾರವೇ ಮುಂದೆ ಒಂದು, ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಬಂದಳು.

ಘಟಕ ನೋಡಿಕೊಳ್ಳುವವರು ಶಂಕರೆಪ್ಪ. ವಯಸ್ಸು ಅರವತ್ತು ದಾಟಿದೆ. ತಿಕೋಟಾದಿಂದ ಬಬಲೇಶ್ವರದ ತನಕದ ಹೊಲಗಳಲ್ಲಿ ಕುರಿ ಕಾಯ್ದು, ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ಬಂದು ಕುಳಿತವರು. ನೀರಿನ ರುಚಿ ಹೇಳುವುದರಲ್ಲಿ ತಮ್ಮ ನಾಲಿಗೆಗೆ ಸಮನಿಲ್ಲ ಎಂಬ ಜಂಬ ಅವರಿಗೆ. ಯಾವ ಬಾವಿಯ ನೀರನ್ನು ಕುರಿ ಮೂಸಿ ಬಿಡುತ್ತದೆ, ಯಾವುದನ್ನು ಹೀರುತ್ತದೆ ಎಂದು ಕೇಳದೆಯೂ ಹೇಳುತ್ತಿದ್ದರು.

"ಯಾರ ಪೈಕಿ ನೀ?" ಎಂದು ಎರಡನೆಯ ಸಲವೇ ಕೇಳಿದರು. ವಿಶಾಖಾ ಆಯಿಯ ಹೆಸರು ಹೇಳಿದಳು. ಶಂಕರೆಪ್ಪ ಕ್ಯಾನಿನ ಮುಚ್ಚಳ ಹಾಕುತ್ತಿದ್ದವರು ನಿಂತರು. "ರೇಣವ್ವನ ಮೊಮ್ಮಗಳ? ಇನ್ನ ಅದಾಳಾ ಆಕಿ?" ಎಂದರು. "ನಾ ಮುದುಕವ್ವನ ಮಗ ಅಂತ ಹೇಳು. ಗುರ್ತ ಹಿಡೀತಾಳ." ಅಂದಿನಿಂದ ವಿಶಾಖಾಳ ಕ್ಯಾನು ಸರದಿಯಲ್ಲಿ ನಿಲ್ಲಲಿಲ್ಲ. ಅವರೇ ಒಳಗೊಯ್ದು ತುಂಬಿಸಿ, ಕುಂಟುತ್ತ ಹೊತ್ತು ತಂದು ಸ್ಕೂಟರಿಗೆ ಕಟ್ಟುತ್ತಿದ್ದರು. ಘಟಕದ ಒಳಗೆ ಒಂದು ಬೆಂಚಿತ್ತು, ಫ್ಯಾನಿತ್ತು. ವಿಶಾಖಾ ಹೊರಗೆ ಸ್ಕೂಟರಿನ ಪಕ್ಕ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಯಾರೂ ಆಕೆಗೆ ಒಳಗೆ ಬರಬೇಡ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ತಾನೇಕೆ ಹೊರಗೆ ನಿಲ್ಲುತ್ತೇನೆಂದು ಆಕೆಯೂ ಕೇಳಿಕೊಂಡಿರಲಿಲ್ಲ.

ರೇಣವ್ವನಿಗೆ ಸುದ್ದಿ ಹೇಳಿದಾಗ "ಮುದುಕವ್ವನ ಮಗನಾ" ಎಂದಳು ಅಷ್ಟೇ. ಪ್ರತಿ ವಾರ ಟ್ಯಾಂಕಿಗೆ ಒಯ್ಯುವ ಮೊದಲು ಕ್ಯಾನಿನಿಂದ ಆಕೆಗೊಂದು ಲೋಟ ತವರಿನ ನೀರು ಸಲ್ಲಬೇಕು. ಒಂದು ದಿನ ಲೋಟ ಕೆಳಗಿಟ್ಟು, "ಮೊದಲಿನಕಿಂತ ಈಗ ರುಚಿ ಬಂದಾವ ನೋಡ ನೀರು" ಎಂದಳು. ವಿಶಾಖಾಳಿಗೆ ಖುಷಿಯಾಯಿತು. ಅಲ್ಲೇ ಎಚ್ಚರಗೊಳ್ಳಬೇಕಿತ್ತು, ಎಚ್ಚರಗೊಳ್ಳಲಿಲ್ಲ.

ಬೇಸಿಗೆ ಏರುವ ಹೊತ್ತಿಗೆ ಟ್ಯಾಂಕಿನ ಗಾಜಿಗೆ ಕಂದು ಲೋಳೆ ಹತ್ತತೊಡಗಿತು. ಒರೆಸಿದರೆ ಮತ್ತೆ ಬರುತ್ತಿತ್ತು. ಕಲ್ಲಿನ ಮೇಲೆ ಹಸಿರು ಕೂದಲು ಬೆಳೆಯಿತು. ಹವಳ ಮುಚ್ಚಿಕೊಂಡಿತು. ಆಮೇಲೆ ಹೂವು ಮುದುಡಿತು. ಅಂಗೈ ಅಗಲ ಅರಳುತ್ತಿದ್ದದ್ದು ಒಣ ಅಂಜೂರದಷ್ಟಾಗಿ ಒಂದು ಮೂಲೆ ಹಿಡಿಯಿತು. ಮೀನುಗಳು ಅದರ ಸುತ್ತ ಸುತ್ತುತ್ತಿದ್ದವು, ಒಳಗೆ ಹೋಗಲು ಜಾಗವಿರಲಿಲ್ಲ. ವಿಶಾಖಾ ಬೆಳಕು ಕಡಿಮೆ ಮಾಡಿದಳು, ತಿನಿಸು ಕಡಿಮೆ ಮಾಡಿದಳು, ಉಪ್ಪಿನ ಕಂಪನಿ ಬದಲಿಸಿದಳು, ಮೋಟರು ಬಿಚ್ಚಿ ತೊಳೆದಳು. ಕೊಳೆ ಕಂಡಾಗಲೆಲ್ಲ ಇನ್ನಷ್ಟು ನೀರು ಬದಲಿಸಿದಳು. ಬದಲಿಸಿದಷ್ಟೂ ಹೆಚ್ಚಾಯಿತು.

"ವಿಶಾಖಾ, ಬ್ಯಾಸರ ಮಾಡ್ಕೋಬ್ಯಾಡ" ಎಂದರು ಡಾಕ್ಟರ್ ಪೂನಮ. "ಸಾಲಿ ಸುರು ಆಗೂದ್ರಾಗ ಇದು ಸರಿ ಆಗಲಿಲ್ಲಂದ್ರ ತಗಿಸಿಬಿಡೂಣು. ಅಲ್ಲೆ ಟಿವಿ ಹಾಕಸ್ತೇನಿ. ಕಾರ್ಟೂನ್ ನೋಡ್ತಾವ ಹುಡುಗ್ರು." ಕೆಟ್ಟ ಹೆಂಗಸಲ್ಲ ಅವರು, ಸಿಟ್ಟಿನಿಂದ ಹೇಳಿದ್ದೂ ಅಲ್ಲ. ಆದರೆ ಆ ಹೂವನ್ನು ತೆಗೆಸಿ ಎಲ್ಲಿಡುವುದು ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ವಿಶಾಖಾಳಿಗೆ ಹೊಳೆಯಿತು. ಸಮುದ್ರ ಇಲ್ಲಿಂದ ಎಷ್ಟೋ ದೂರ. ಟ್ಯಾಂಕಿನಿಂದ ಹೊರಬಿದ್ದ ದಿನವೇ ಅದು ಸಾಯುತ್ತದೆ. ಆಕೆ ಬ್ಯಾಂಕ್ ಪರೀಕ್ಷೆ ಬಿಟ್ಟು ಆರಿಸಿಕೊಂಡ ಕೆಲಸದಲ್ಲಿ ಹೆಮ್ಮೆಯಿಂದ ತೋರಿಸಲು ಅದೊಂದೇ ಇತ್ತು.

ಮಹಮ್ಮದ ಚಾಚಾ ಎಲ್ಲ ಕೇಳಿಸಿಕೊಂಡು, "ನೀರ ನೋಡೀ ಏನು?" ಎಂದರು.

"ಏನ್ ಕೇಳ್ತೀ ಚಾಚಾ! ತಿಕೋಟಾದ ನೀರು. ಹತ್ತರೊಳಗ ಐತಿ."

"ಯಾವಾಗ ಹಾಕಿದ್ದಿ ಕಡ್ಡಿ?"

ಮೊದಲನೆಯ ಸಲ ಬಾಟಲಿಗೆ ಅದ್ದಿದ್ದೇ ಕೊನೆ. ಊರೆಲ್ಲ ಕಂಡಕಂಡಲ್ಲಿ ಅದ್ದುವ ಹುಡುಗಿ ಶಂಕರೆಪ್ಪ ಹೊತ್ತು ತಂದ ಕ್ಯಾನಿಗೆ ಒಮ್ಮೆಯೂ ಅದ್ದಿರಲಿಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಅಳೆಯುವುದೇನು ಎಂದು ಸಿಟ್ಟಿನಿಂದಲೇ ಕೇಳಿದಳು.

"ಪ್ರೀತಿ ಮೀನಿಗೆ ತಿಳಿಯಂಗಿಲ್ಲ ಬೇಟಾ. ಕಡ್ಡಿ ಹಾಕು" ಎಂದು ಚಾಚಾ ಗಿರಾಕಿಯ ಕಡೆ ತಿರುಗಿದರು.

ಮನೆಗೆ ಬಂದು ಹಾಕಿದಳು. ಇನ್ನೂರು ದಾಟಿತು. ಕಡ್ಡಿ ಕೆಟ್ಟಿದೆ ಎಂದುಕೊಂಡು ಬ್ಯಾಟರಿ ನೀರಿನ ಬಾಟಲಿಗೆ ಅದ್ದಿದಳು. ಅಲ್ಲಿ ಸೊನ್ನೆ. ಮತ್ತೆ ಕ್ಯಾನಿಗೆ ಅದ್ದಿದಳು. ಮತ್ತೆ ಇನ್ನೂರು. ಇಷ್ಟು ದಿನ ಟ್ಯಾಂಕು ಕೆಡಿಸಿದ್ದು ತಾನೇ, ತನ್ನ ಕೈಯಾರೆ, ವಾರವಾರ.

ರೇಣವ್ವ ಹೊರಸಿನ ಮೇಲಿಂದ ನೋಡುತ್ತಿದ್ದಳು. ವಿಷಯ ತಿಳಿದು ಆಕೆ ನೀರಿನ ಬಗ್ಗೆ ಕೇಳಲಿಲ್ಲ, ಮೀನಿನ ಬಗ್ಗೆಯೂ ಕೇಳಲಿಲ್ಲ. "ಆಂವಗ ಹೇಳಬ್ಯಾಡ" ಎಂದಳು.

"ಹೇಳದಿದ್ರ ಹೆಂಗ ಆಯಿ?"

"ಕೊಟ್ಟಾಗ ತಗೊಂಡ ಬಾ. ಹಿತ್ತಲಕ್ಕ ಚೆಲ್ಲು. ಬ್ಯಾರೆ ಎಲ್ಲ್ಯಾರ ತಂದ ಹಾಕು ನಿನ್ನ ಮೀನಿಗೆ. ತಾವಾಗಿ ಕೊಡೂ ನೀರಿಗೆ ಬ್ಯಾಡ ಅನಬಾರದವಾ. ನಾವು ಅನಬಾರದು."

ಆಕೆ ಯಾವುದನ್ನು ನೆನೆದು ಹೇಳಿದಳೋ ವಿಶಾಖಾಳಿಗೆ ಗೊತ್ತಿತ್ತು. ರೇಣವ್ವ ಹುಡುಗಿಯಾಗಿದ್ದಾಗ ಅವರ ಓಣಿಯವರು ಬಾವಿಯ ಮೆಟ್ಟಿಲಿಳಿಯುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಿಗಾದರೂ ಕರುಣೆ ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಬಿದ್ದಷ್ಟು ಕೊಡಕ್ಕೆ, ಉಳಿದದ್ದು ನೆಲಕ್ಕೆ. ನಿಮ್ಮ ನೀರು ಬೇಡ ಎನ್ನುವ ಮಾತು ಆ ಜಾಗದಲ್ಲಿ ಯಾರ ಬಾಯಿಂದ ಹೊರಟೀತು? ಈಗ ಅದೇ ಊರಿನಲ್ಲಿ ಒಬ್ಬರು ತಾವಾಗಿ ಕ್ಯಾನು ಹೊತ್ತು ತಂದು ಕಟ್ಟಿಕೊಡುತ್ತಿದ್ದಾರೆ. ಅದನ್ನು ಬೇಡ ಎನ್ನುವುದು ಹೇಗೆ?

ಆ ವಾರ ವಿಶಾಖಾ ಆಯಿಯ ಮಾತು ಕೇಳಿದಳು. ಕ್ಯಾನು ತಂದಳು, ಶಂಕರೆಪ್ಪನವರಿಗೆ ನಗುತ್ತಲೇ ಹೋಗಿ ಬರ್ತೇನ್ರಿ ಅಂದಳು, ಮನೆಗೆ ಬಂದು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದಳು. ಇಪ್ಪತ್ತು ಕಿಲೋಮೀಟರ್ ಹೊತ್ತು ತಂದ ನೀರು ಗಳಗಳ ಇಳಿಯಿತು. ಮೊಣಕಾಲು ಕೈಕೊಟ್ಟ ಮುದುಕ ಹೊತ್ತು ಕಟ್ಟಿದ ನೀರು. ಆಕೆಗೆ ನಾಚಿಕೆಯಾಯಿತು, ಬೇಡ ಎಂದು ಹೇಳಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನಾಚಿಕೆ. ಬ್ಯಾಟರಿ ನೀರಿನ ಬಾಟಲಿಗಳಿಂದ ಟ್ಯಾಂಕನ್ನು ಹೇಗೋ ವಾರ ತಳ್ಳಿದಳು. ಮುಂದಿನ ವಾರ ಆಯಿಗೆ ಹೇಳದೆ ಸ್ಕೂಟರ್ ತೆಗೆದಳು.

ಶಂಕರೆಪ್ಪ ಎಂದಿನಂತೆ ಕ್ಯಾನಿಗೆ ಕೈ ಹಾಕಿದರು. ವಿಶಾಖಾ ಕ್ಯಾನು ಬಿಡಲಿಲ್ಲ.

"ಕಾಕಾ, ಒಂದ ಮಾತ ಹೇಳೂದಿತ್ತರಿ. ಈ ನೀರ ಬ್ಯಾಡ್ರಿ ನನಗ."

"ಯಾಕ? ಏನಾಗೇತಿ ನೀರಿಗೆ?"

"ನೀರಿಗೇನೂ ಆಗಿಲ್ಲರಿ. ನಮ್ಮ ಆಯಿ ಬಾಯ್ತುಂಬ ಹೊಗಳ್ತಾಳ. ಮೀನಿಗೆ ಒಗ್ಗವಲ್ಲವು. ಹೂವು ಸಾಯಾಕತ್ತೇತ್ರಿ."

ಶಂಕರೆಪ್ಪನವರ ಮುಖ ಕೆಂಪಾಯಿತು. "ಕುರಿ ಕಾಯ್ದು ಕಾಯ್ದು ಕೂದಲ ಬೆಳ್ಳಗ ಮಾಡ್ಕೊಂಡಾಂವ ನಾ. ಕುಡಿಯೋ ನೀರ ಯಾವು, ಬಿಡೋ ನೀರ ಯಾವು ನನಗ ತಿಳಿಯಂಗಿಲ್ಲಾ? ಕೆಟ್ಟ ನೀರ ಕೊಟ್ಟೇನಿ ಅಂತೀ ಏನು ನಿನಗ?"

ವಿಶಾಖಾಳಿಗೆ ಹಿಂದೆ ಸರಿಯಲು ಇನ್ನೂ ಅವಕಾಶವಿತ್ತು. ಆಕೆ ಮಾತು ಬಿಟ್ಟು ಕಡ್ಡಿ ತೆಗೆದಳು. ಕ್ಯಾನಿನ ತಳದಲ್ಲಿ ಕಳೆದ ವಾರದ ನೀರು ಒಂದಿಷ್ಟು ಉಳಿಸಿಕೊಂಡು ತಂದಿದ್ದಳು. ಅದನ್ನು ಮುಚ್ಚಳಕ್ಕೆ ಬಗ್ಗಿಸಿ ಅದ್ದಿ ಅವರ ಕಣ್ಣ ಮುಂದೆ ಹಿಡಿದಳು. ಆಮೇಲೆ ಸರದಿಯಲ್ಲಿ ಆಗಷ್ಟೇ ನೀರು ತುಂಬಿಸಿಕೊಂಡ ಹೆಂಗಸೊಬ್ಬಳ ಕೊಡವನ್ನು ಕೇಳಿ ಅದರಲ್ಲಿ ಅದ್ದಿದಳು. ಒಂದರಲ್ಲಿ ಇನ್ನೂರರ ಮೇಲೆ, ಇನ್ನೊಂದರಲ್ಲಿ ಒಂಬತ್ತು. ಒಂದೇ ಘಟಕ, ಒಂದೇ ಮನುಷ್ಯ. ಈಗ ಆಕೆಗೂ ಅರ್ಥವಾಗಲಿಲ್ಲ.

ಶಂಕರೆಪ್ಪನವರಿಗೆ ಅರ್ಥವಾಯಿತು.

"ನಿನ್ನ ಕ್ಯಾನಿಗೆ ನಾ ವಾಲ್ ತಿರುವಿ ಕೊಡ್ತೇನವಾ" ಎಂದರು.

ಫಿಲ್ಟರಿನ ಪಕ್ಕದಲ್ಲಿ ಒಂದು ಸಣ್ಣ ವಾಲ್ ಇದೆ. ತಿರುವಿದರೆ ಬೋರಿನ ನೀರು ಸ್ವಲ್ಪ ಶುದ್ಧ ನೀರಿಗೆ ಬೆರೆಯುತ್ತದೆ. ಬರೀ ಫಿಲ್ಟರ್ ನೀರು ಸಪ್ಪೆ, ಹನಿ ಬೆರೆಸಿದರೆ ರುಚಿ. ಊರವರಿಗೆಲ್ಲ ತಿರುವುತ್ತ ಕೂತರೆ ತೋಟದ ಯಜಮಾನರು ಬೈಯುತ್ತಾರೆ. ಹಾಗಾಗಿ ಶಂಕರೆಪ್ಪ ಅದನ್ನು ತಿರುವುತ್ತಿದ್ದದ್ದು ಬೇಕಾದವರಿಗೆ ಮಾತ್ರ: ಯಜಮಾನರ ಮನೆಗೆ, ಗುಡಿಯ ಪೂಜಾರಿಗೆ, ತಮ್ಮ ಸ್ವಂತ ಕೊಡಕ್ಕೆ, ಮತ್ತು ವಿಶಾಖಾಳ ಕ್ಯಾನುಗಳಿಗೆ. ಮೀನಿಗೆ ಎಂದು ಆಕೆ ಹೇಳಿದ್ದಳು. ಮೀನಾದರೂ ರುಚಿ ಬೇಡವೇ ಎಂದು ಅವರು ಇನ್ನೊಂದು ಸುತ್ತು ಹೆಚ್ಚೇ ತಿರುವಿದ್ದರು.

"ಸಪ್ಪನ ನೀರ ಎಲ್ಲಾರಿಗೂ ಕೊಡ್ತೇನಿ. ನಿನಗ ಅದನ್ನ ಹೆಂಗ ಕೊಡ್ಲಿ ಮಗಳ?" ಅವರ ದನಿ ಇಳಿದಿತ್ತು. "ನಮ್ಮವ್ವ ಬಾವಿ ಮ್ಯಾಲ ನಿಂತು ನಿಮ್ಮ ಆಯಿ ಕೊಡಕ್ಕ ಸುರೀತಿದ್ಲು. ನಾ ಸಣ್ಣಾಂವ, ಸೆರಗ ಹಿಡಕೊಂಡ ನಿಂತಿರ್ತಿದ್ದೆ. ಅರ್ಧ ನೀರ ನೆಲಕ್ಕ ಹೋಗ್ತಿದ್ವು. ಯಾಕವ್ವಾ, ಕೆಳಗ ಹೋಗಿ ಹಾಕಬಾರದಾ ಅಂತ ಕೇಳಿದ್ರ ಬಾಯಿ ಮ್ಯಾಲ ಹೊಡದಿದ್ಲು."

ಕೊಡದ ಹೆಂಗಸು ನೀರು ಹೊತ್ತು ಹೋದಳು.

ಶಂಕರೆಪ್ಪ ಒಳಗೆ ಹೋಗಿ ವಾಲ್ ಬಿಗಿಯಾಗಿ ಬಂದ್ ಮಾಡಿದರು. ಆಮೇಲೆ ಅಲ್ಲಿಂದಲೇ ತಿರುಗಿ ನೋಡಿ, "ಬಿಸಲಾಗ ಯಾಕ ನಿಂತೀ? ಒಳಗ ಬಾ, ಕುಂಡರು. ಪೈಪಿನಾಗಿನ ಹಳೇ ನೀರ ಹೋಗೂತನಕ ಹೊತ್ತ ಹಿಡೀತೈತಿ" ಎಂದರು. ಅವರಿಗೆ ಈ ಮಾತು ಇಷ್ಟು ದಿನ ಏಕೆ ತೋಚಿರಲಿಲ್ಲವೋ ಅವರನ್ನೇ ಕೇಳಬೇಕು.

ವಿಶಾಖಾ ಹೊಸ್ತಿಲು ದಾಟಿ ಬೆಂಚಿನ ಮೇಲೆ ಕುಳಿತಳು. ಫ್ಯಾನಿನ ಗಾಳಿಗೆ ಬೆವರು ಆರಿತು. ಶಂಕರೆಪ್ಪ ತಮ್ಮ ಕೊಡದಿಂದ ರುಚಿಯ ನೀರು ಒಂದು ಲೋಟ ಬಗ್ಗಿಸಿ ಕೈಗೆ ಕೊಟ್ಟರು. ಕುಡಿದಳು. ನಿಜಕ್ಕೂ ರುಚಿಯಾಗಿತ್ತು.

ಹೂವು ಒಂದೇ ದಿನಕ್ಕೆ ಅರಳಲಿಲ್ಲ. ಕಂದು ಲೋಳೆ ಹೋಗಲು, ಹವಳ ತೆರೆಯಲು ಬೇಸಿಗೆ ಪೂರ್ತಿ ಹಿಡಿಯಿತು. ಶಾಲೆ ಶುರುವಾದ ವಾರ ಒಂದು ಮೀನು ಹೂವಿನೊಳಗೆ ಮುಖ ತೂರಿಸಿತು, ಮರುದಿನ ಎರಡೂ ತೂರಿಸಿದವು. ಡಾಕ್ಟರ್ ಪೂನಮ ಟಿವಿಯ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಅದೆಲ್ಲ ಮುಂದಿನದು. ಆ ದಿನ ಸಂಜೆ ವಿಶಾಖಾ ಮೂರು ಕ್ಯಾನು ಇಳಿಸಿಕೊಂಡಾಗ ರೇಣವ್ವ ಹೊರಸಿನ ಮೇಲೆ ಕಾಯುತ್ತಿದ್ದಳು. ವಿಶಾಖಾ ರೂಢಿಯಂತೆ ಒಂದು ಲೋಟ ಕೊಟ್ಟಳು. ರೇಣವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಸಪ್ಪಗ ಅದಾವಲ್ಲ ಬೇ? ಎಲ್ಲೀವು?"

"ತಿಕೋಟಾದಾವ ಆಯಿ. ಅವು ಬ್ಯಾಡ ಅಂದ್ನಿ. ಇವನ್ನ ಕೊಟ್ರು."

ರೇಣವ್ವ ಲೋಟ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟಳು. "ಬ್ಯಾಡ ಅಂದ್ಯಾ? ಅವರ ಬಾಗಲದಾಗ ನಿಂತು?"

"ಹೂಂ. ಮೊದಲ ಸಿಟ್ಟಿಗೆದ್ರು. ಆಮ್ಯಾಲ ಒಳಗ ಕರದ್ರು. ಬೆಂಚಿನ ಮ್ಯಾಲ ಕುಂತು ತುಂಬಿಸ್ಕೊಂಡ ಬಂದ್ನಿ."

"ಕುಂತ್ಯಾ?"

"ಅವರ ಕುಂಡರು ಅಂದ್ರು ಆಯಿ."

"ಯಾರು? ಮುದುಕವ್ವನ ಮಗಾ?"

"ಹೌದು."

"ಏನಂದಾ? ಇನ್ನೊಮ್ಮಿ ಹೇಳು."

"ಒಳಗ ಬಾ, ಕುಂಡರು ಅಂದ್ರು."

ರೇಣವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಕಿವುಚದೆ, ಆ ಸಪ್ಪೆ ನೀರನ್ನು ತಳದ ತನಕ ಕುಡಿದಳು. ಆಮೇಲೆ ಖಾಲಿ ಲೋಟವನ್ನು ಮೊಮ್ಮಗಳ ಮುಂದೆ ಚಾಚಿದಳು. ವಿಶಾಖಾ ಮೀನಿನ ಕ್ಯಾನನ್ನು ಬಗ್ಗಿಸಿ ಅದನ್ನು ಮತ್ತೆ ತುಂಬಿಸಿದಳು.